ಎಲ್ಲ ನೆಲಕ್ಕೂ ಸಲ್ಲುವ ಬಂಡಿ

ಅಲಾಸ್ಕದಲ್ಲಿ ಸೆಪ್ಟೆಂಬರ್ ತಿಂಗಳು ಬಂದಿತೆಂದರೆ ಬೇಟೆಯ ಕಾಲ ಬಂದಿತೆಂದೇ ಅರ್ಥ. ಅಲ್ಲಿನ ಬೇಟೆಗಾರರಿಗೆ ಪ್ರಿಯವಾದ ಪ್ರಾಣಿ ಮೂಸ್. ಜಿಂಕೆಯ ಕುಲಕ್ಕೆ ಸೇರಿದ ಪ್ರಾಣಿಗಳಲ್ಲೆಲ್ಲ ಇದೇ ದೊಡ್ಡದು. ಬಲಿತ ಗಂಡು 600 ಕಿಲೋಗ್ರಾಂ ಮೀರಿ ತೂಗುವುದುಂಟು. ಗುಂಡು ಹಾರಿಸಿ ಇದನ್ನು ಕೆಡಹುವುದು ಒಂದು ಕ್ಷಣದ ಕೆಲಸ. ನಿಜವಾದ ಕಷ್ಟ ಪ್ರಾರಂಭವಾಗುವುದು ಆಮೇಲೆ. ತೊಗಲು, ಮೂಳೆ, ಕರುಳುಗಳನ್ನು ಕಳೆದರೂ 200 ಕಿಲೋಗ್ರಾಮಿಗೆ ಮಿಕ್ಕಿ ಮಾಂಸ ಉಳಿಯುತ್ತದೆ. ಅಂದವಾದ ಕೊಂಬನ್ನು ಮಾತ್ರ ಕೊಯ್ದುಕೊಂಡು ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬರುವುದು ಆ ರಾಜ್ಯದ ಕಾನೂನಿನಂತೆ ಅಪರಾಧ. ಆದ್ದರಿಂದ ತಿನ್ನಲು ಯೋಗ್ಯವಾದುದನ್ನೆಲ್ಲ ಹೊತ್ತು ತರಲೇಬೇಕು.

ಇನ್ನು ಲೆಕ್ಕ ಹಾಕಿ ನೋಡೋಣ. ಗಟ್ಟಿಮುಟ್ಟಾದ ಆಳೊಬ್ಬನು ಒಂದು ಸಲಕ್ಕೆ 30 ಕಿಲೋಗ್ರಾಂ ಹೊರಬಲ್ಲನೆಂದರೆ ಏಳು ಸಲ ಹೊರಬೇಕು. ಬೇಟೆ ಬಿದ್ದ ಜಾಗ ರಸ್ತೆಯಿಂದ ಐದು ಕಿಲೋಮೀಟರು ದೂರವಿದ್ದರೆ, ಹೊರೆಯೊಡನೆ ಏಳು ಸಲ, ಬರಿಗೈಯಲ್ಲಿ ಆರು ಸಲ, ಒಟ್ಟು 65 ಕಿಲೋಮೀಟರು ನಡಿಗೆ. ದಾರಿಯೆಂದರೆ ನಮ್ಮೂರ ದಾರಿಯಲ್ಲ. ಮೊಣಕಾಲಿನವರೆಗೆ ಹೂತುಹೋಗುವ ಜೌಗು. ಜೀಪು ಇಲ್ಲಿ ಹತ್ತು ಗಜ ಹೋಗುವಷ್ಟರಲ್ಲಿ ಅಚ್ಚಿನವರೆಗೆ ಕುಸಿದು ಕೂರುತ್ತದೆ. ಆದರೆ ಇಂಥ ಜಾಗದಲ್ಲಿಯೇ, ದಪ್ಪನೆಯ ಗಾಲಿಗಳ ಚಿಕ್ಕ ಬಂಡಿಯೊಂದು, ಬೆನ್ನ ಮೇಲೆ ಸವಾರನನ್ನೂ ಮಾಂಸದ ಹೊರೆಯನ್ನೂ ಹೊತ್ತುಕೊಂಡು ನಿರಾತಂಕವಾಗಿ ಸಾಗಿಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಆಲ್ ಟೆರೇನ್ ವೆಹಿಕಲ್' ಎಂದು ಹೆಸರು, ಬಳಕೆಯಲ್ಲಿ ಎ.ಟಿ.ವಿ. ಎಲ್ಲ ನೆಲಕ್ಕೂ ಸಲ್ಲುವ ಬಂಡಿ ಎಂದು ಕನ್ನಡಿಸಬಹುದು. ಹೆಸರಿನಲ್ಲಿರುವ 'ಎಲ್ಲ' ಎಂಬ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಈ ಲೇಖನದಲ್ಲಿ ಪರೀಕ್ಷಿಸಬೇಕೆಂದಿದ್ದೇವೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆಗೆ ನಿಷೇಧವಿರುವುದರಿಂದ ಬೇಟೆಯ ಬಂಡಿಯಾಗಿ ಇದು ನಮಗೆ ಬೇಕಾಗಿಲ್ಲ. ಆದರೆ ಕಾಲೇಜಿನ ಮೊದಲ ವರ್ಷದಲ್ಲಿ ಓದುವ ಯಂತ್ರಶಾಸ್ತ್ರದ ಬಹುಪಾಲು ಸೂತ್ರಗಳು ಈ ಒಂದು ಬಂಡಿಯಲ್ಲಿ ಕಣ್ಣಿಗೆ ಕಟ್ಟುವಂತೆ ಕೆಲಸಮಾಡುತ್ತವೆ. ಅವುಗಳಲ್ಲಿ ಒಂದನ್ನು ಮರೆತುದಕ್ಕಾಗಿ ಪ್ರಾಣ ತೆತ್ತವರು ಸಾವಿರಾರು ಮಂದಿ.

ಜೀಪು ಹೂತುಹೋಗುವ ಕೆಸರಿನಲ್ಲಿ ಈ ಬಂಡಿ ಏಕೆ ಹೂಳುವುದಿಲ್ಲ? ಇದು ಹಗುರ ಎಂಬುದು ಅರ್ಧ ಉತ್ತರ ಮಾತ್ರ. ನೆಲವು ತಡೆಯಬೇಕಾದುದು ಭಾರವನ್ನಲ್ಲ, ಒತ್ತಡವನ್ನು. ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರವನ್ನು. ಗಾಳಿ ತುಂಬಿದ ಟೈರಿನ ವಿಷಯದಲ್ಲಿ ಒಂದು ಸೊಗಸಾದ ಸಂಗತಿಯಿದೆ. ಟೈರಿನ ಗೋಡೆ ತೀರ ಬಿಗಿಯಾಗಿರದಿದ್ದರೆ, ಒಳಗಿನ ಗಾಳಿಯ ಒತ್ತಡ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಒತ್ತಡವನ್ನು ಅದು ನೆಲದ ಮೇಲೆ ಹಾಕುತ್ತದೆ. ಭಾರ ಹೆಚ್ಚಾದರೆ ಟೈರು ಚಪ್ಪಟೆಯಾಗಿ ನೆಲವನ್ನು ಮುಟ್ಟುವ ಜಾಗ ಹಿಗ್ಗುತ್ತದೆಯೇ ಹೊರತು ಒತ್ತಡ ಅಷ್ಟಾಗಿ ಏರುವುದಿಲ್ಲ.

ಸಾಮಾನ್ಯ ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ. ಕಾರು 1400 ಕಿಲೋಗ್ರಾಂ ತೂಗಿದರೆ ನಾಲ್ಕು ಗಾಲಿಗಳೂ ಸೇರಿ ನೆಲವನ್ನು ಮುಟ್ಟುವ ವಿಸ್ತೀರ್ಣ 670 ಚದರ ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಒಂದೊಂದು ಗಾಲಿಗೆ ಅಂಗೈಯಗಲ! ಇಷ್ಟು ದೊಡ್ಡ ಕಾರು ನಾಲ್ಕು ಅಂಗೈಗಳ ಮೇಲೆ ಓಡುತ್ತಿದೆಯೆಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಂಬಲು ಹಿಂಜರಿಯುವುದನ್ನು ನಾವು ಪ್ರತಿವರ್ಷವೂ ಕಂಡಿದ್ದೇವೆ.

ಈಗ ನಮ್ಮ ಬಂಡಿಯನ್ನು ನೋಡಿ. ಇದರ ಟೈರಿನಲ್ಲಿ ತುಂಬುವ ಗಾಳಿ ಚದರ ಅಂಗುಲಕ್ಕೆ ಸುಮಾರು 5 ಪೌಂಡು ಮಾತ್ರ. ಚದರ ಸೆಂಟಿಮೀಟರಿಗೆ 0.35 ಕಿಲೋಗ್ರಾಂ. ಬಂಡಿ, ಸವಾರ, ಹೊರೆ ಎಲ್ಲ ಸೇರಿ 450 ಕಿಲೋಗ್ರಾಂ ಆದರೆ ನೆಲ ಮುಟ್ಟುವ ಜಾಗ ಸುಮಾರು 1300 ಚದರ ಸೆಂಟಿಮೀಟರು. ಕಾರಿನ ಮೂರನೆಯ ಒಂದು ಪಾಲು ತೂಕ, ಎರಡರಷ್ಟು ಪಾದ! ಹೋಲಿಕೆಗೆ ಮನುಷ್ಯನನ್ನೇ ತೆಗೆದುಕೊಳ್ಳೋಣ. ಎಪ್ಪತ್ತು ಕಿಲೋಗ್ರಾಂ ತೂಗುವವನು ನಡೆಯುವಾಗ ಒಂದು ಕಾಲಿನ ಮೇಲೆ ನಿಂತ ಕ್ಷಣದಲ್ಲಿ, ಬೂಟಿನ ಅಡಿ 200 ಚದರ ಸೆಂಟಿಮೀಟರಾದರೆ, ಅವನು ನೆಲದ ಮೇಲೆ ಹಾಕುವ ಒತ್ತಡವೂ ಸರಿಯಾಗಿ 0.35 ಕಿಲೋಗ್ರಾಮೇ. ನಾಲ್ಕೂವರೆ ನೂರು ಕಿಲೋಗ್ರಾಂ ತೂಗುವ ಯಂತ್ರವು ಬೇಟೆಗಾರನ ಹೆಜ್ಜೆಯಷ್ಟೇ ಮೆತ್ತಗೆ ನೆಲವನ್ನು ತುಳಿಯುತ್ತದೆ. ಮರಳಿನಲ್ಲಿ ಒಂಟೆಗೆ ಅದರ ಅಗಲವಾದ ಮೆತ್ತನೆಯ ಪಾದ ಕೊಟ್ಟ ಸೌಲಭ್ಯವೇ ಇದು.

ಈ ಬಂಡಿ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಅಮೆರಿಕದಲ್ಲಿ ಮೋಟಾರು ಸೈಕಲ್ಲುಗಳನ್ನು ಕೊಳ್ಳುವವರಿರುವುದಿಲ್ಲ. ಆ ತಿಂಗಳುಗಳಲ್ಲಿ ಮಾರಲು ತಮಗೆ ಬೇರೆ ಏನಾದರೂ ಬೇಕೆಂದು ಅಲ್ಲಿನ ಹೋಂಡಾ ವರ್ತಕರು 1967ರಲ್ಲಿ ಕೇಳಿದರು. ಜಪಾನಿನಲ್ಲಿ ಒಸಾಮು ತಾಕೆಉಚಿ ಎಂಬ ಎಂಜಿನಿಯರಿಗೆ ಈ ಕೆಲಸ ಬಂದಿತು. ಅವರು ಎರಡರಿಂದ ಆರರವರೆಗೆ ನಾನಾ ಸಂಖ್ಯೆಯ ಗಾಲಿಗಳನ್ನು ಜೋಡಿಸಿ ನೋಡಿ, ಕೊನೆಗೆ ಮೂರು ಗಾಲಿಯ ರೂಪವನ್ನು ಆರಿಸಿದರು. ಆದರೂ ಹಿಮ, ಮರಳು, ಕೆಸರುಗಳಲ್ಲಿ ಸಾಧಾರಣ ಟೈರುಗಳು ಕೆಲಸಕ್ಕೆ ಬಾರದೆ ಹೋದವು. ಆಗ ಅವರ ಕಣ್ಣಿಗೆ ಬಿದ್ದುದು 'ಆಂಫಿಕ್ಯಾಟ್' ಎಂಬ ಆರು ಗಾಲಿಯ ನೆಲಜಲವಾಹನಕ್ಕೆ ಹಾಕುತ್ತಿದ್ದ, ಬಲೂನಿನಂತೆ ಉಬ್ಬಿದ, ಅಲ್ಪ ಒತ್ತಡದ ಟೈರು. ಅದರ ಮಾದರಿಯಲ್ಲಿ 22 ಅಂಗುಲದ ಟೈರುಗಳನ್ನು ಮಾಡಿಸಿ, 89 ಘನ ಸೆಂಟಿಮೀಟರಿನ ಎಂಜಿನನ್ನು ಇರಿಸಿ 1970ರಲ್ಲಿ ಬಂಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಇದರಲ್ಲಿ ಸ್ಪ್ರಿಂಗುಗಳೇ ಇರಲಿಲ್ಲ; ಟೈರೇ ಸ್ಪ್ರಿಂಗಿನ ಕೆಲಸವನ್ನೂ ಮಾಡಬೇಕಾಗಿತ್ತು.

ಆಟದ ಸಾಮಾನೆಂದು ಬಂದ ಈ ಯಂತ್ರವನ್ನು ಬೇಟೆಗಾರರೂ ದನಗಾಹಿಗಳೂ ರೈತರೂ ಬೇಗನೆ ತಮ್ಮದನ್ನಾಗಿ ಮಾಡಿಕೊಂಡರು. ಕುದುರೆಗೆ ಚಳಿಗಾಲವಿಡೀ ಮೇವು ಹಾಕಬೇಕು. ಇದಕ್ಕೆ ಓಡುವಾಗ ಮಾತ್ರ ಪೆಟ್ರೋಲು!

ಮೂರು ಗಾಲಿಯೇ ಏಕೆ ಎಂಬ ಪ್ರಶ್ನೆಗೆ ರೇಖಾಗಣಿತದ ಒಂದು ಉತ್ತರವಿದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದ್ದರಿಂದಲೇ ಮೂರು ಕಾಲಿನ ಮಣೆ ಎಂಥ ಒರಟು ನೆಲದ ಮೇಲೂ ಕುಂಟುವುದಿಲ್ಲ. ನಾಲ್ಕು ಕಾಲಿನ ಕುರ್ಚಿ ಕುಂಟುತ್ತದೆ. ಸ್ಪ್ರಿಂಗುಗಳಿಲ್ಲದ ಬಂಡಿಯ ಗಾಲಿಗಳೆಲ್ಲ ಸದಾ ನೆಲ ಕಚ್ಚಿಕೊಂಡಿರಬೇಕಾದರೆ ಮೂರೇ ಲೇಸು. ಇದರ ಜೊತೆಗೆ ಇನ್ನೊಂದು ಉಪಾಯವನ್ನೂ ಮಾಡಿದರು. ಹಿಂದಿನ ಎರಡು ಗಾಲಿಗಳನ್ನು ಒಂದೇ ಅಖಂಡವಾದ ಅಚ್ಚಿಗೆ ಬಿಗಿದರು. ಕಾರಿನಲ್ಲಿ ಹೀಗಿರುವುದಿಲ್ಲ. ಕಾರು ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರವನ್ನೂ ಒಳಗಿನ ಗಾಲಿ ಕಡಿಮೆ ದೂರವನ್ನೂ ಕ್ರಮಿಸಬೇಕು. ಅದಕ್ಕಾಗಿ ಎರಡಕ್ಕೂ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡಿದೆ. ಆದರೆ ಈ ಏರ್ಪಾಡು ಎರಡು ಗಾಲಿಗಳಿಗೂ ಸಮನಾದ ತಿರುಚುಬಲವನ್ನು ಮಾತ್ರವೇ ಹಂಚಬಲ್ಲುದು. ಒಂದು ಗಾಲಿ ಕೆಸರಿನಲ್ಲಿ ಹಿಡಿತ ತಪ್ಪಿ ಗಿರ್ರನೆ ತಿರುಗತೊಡಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಯೂ ನಿರ್ಬಲವಾಗಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಹಳ್ಳಿಯ ದಾರಿಯಲ್ಲಿ ಸಿಕ್ಕಿಬಿದ್ದ ಟ್ಯಾಕ್ಸಿಯನ್ನು ತಳ್ಳಿದವರಿಗೆಲ್ಲ ಇದು ಗೊತ್ತು. ಅಖಂಡ ಅಚ್ಚಿನಲ್ಲಿ ಈ ತೊಂದರೆಯಿಲ್ಲ. ಒಂದು ಗಾಲಿ ಜಾರಿದರೂ ಇನ್ನೊಂದು ಎಳೆಯುತ್ತದೆ.

ಹೀಗೆ ಅಗಲವಾದ ಮೆತ್ತನೆಯ ಟೈರು, ಅಖಂಡ ಅಚ್ಚು, ಕಿರಿದಾದ ಮೈ, ನೆಲದಿಂದ ಎತ್ತರಕ್ಕಿರುವ ಹೊಟ್ಟೆ, ಇವೆಲ್ಲ ಕೆಸರನ್ನೂ ಬಂಡೆಗಳನ್ನೂ ದಾಟಲು ಹೇಳಿ ಮಾಡಿಸಿದಂಥವು. ಬಂಡಿ ಮಗುಚುವುದಕ್ಕೂ ಇವೇ ಕಾರಣವಾದುವು.

ಮಗುಚುವ ನಿಯಮ ಸರಳವಾದುದು. ವಸ್ತುವಿನ ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಆಧಾರದ ಒಳಗೆ ಬಿದ್ದರೆ ವಸ್ತು ನಿಲ್ಲುತ್ತದೆ. ಹೊರಗೆ ಬಿದ್ದರೆ ಉರುಳುತ್ತದೆ. ಗುರುತ್ವ ಕೇಂದ್ರದ ಎತ್ತರವನ್ನೂ, ಅದರ ನೇರದಿಂದ ಆಧಾರದ ಅಂಚಿಗಿರುವ ದೂರವನ್ನೂ ತಿಳಿದರೆ ಎಷ್ಟು ಓರೆಯಲ್ಲಿ ಬಂಡಿ ಉರುಳುವುದೆಂದು ಹೇಳಬಹುದು: ದೂರವನ್ನು ಎತ್ತರದಿಂದ ಭಾಗಿಸಿದರೆ ಬರುವುದೇ ಆ ಕೋನದ ಟ್ಯಾಂಜೆಂಟು.

ಲೆಕ್ಕಕ್ಕೆಂದು ನೂರು ಕಿಲೋಗ್ರಾಮಿನ ಮೂರು ಗಾಲಿಯ ಬಂಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಗುರುತ್ವ ಕೇಂದ್ರ 40 ಸೆಂಟಿಮೀಟರು ಎತ್ತರದಲ್ಲಿರಲಿ. ಅದರ ಮೇಲೆ 70 ಕಿಲೋಗ್ರಾಮಿನ ಸವಾರ; ಅವನ ಗುರುತ್ವ ಕೇಂದ್ರ ನೆಲದಿಂದ 95 ಸೆಂಟಿಮೀಟರು. ಎರಡೂ ಕೂಡಿದಾಗ ಗುರುತ್ವ ಕೇಂದ್ರ ಸುಮಾರು 63 ಸೆಂಟಿಮೀಟರಿಗೆ ಏರಿಬಿಡುತ್ತದೆ. ಇನ್ನು ಆಧಾರವೆಂಬುದು ಇಲ್ಲಿ ತ್ರಿಕೋನ. ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ಹಿಂದಿನ ಗಾಲಿಗಳು ನಡುಗೆರೆಯಿಂದ 35 ಸೆಂಟಿಮೀಟರು ದೂರದಲ್ಲಿದ್ದರೂ, ಗುರುತ್ವ ಕೇಂದ್ರವಿರುವ ಕಡೆಯಲ್ಲಿ ತ್ರಿಕೋನದ ಅಂಚು ಕೇವಲ 21–22 ಸೆಂಟಿಮೀಟರು ದೂರದಲ್ಲಿರುತ್ತದೆ. ಭಾಗಿಸಿ ನೋಡಿದರೆ ಕೋನ ಸುಮಾರು 19 ಡಿಗ್ರಿ! ಸಾಮಾನ್ಯವಾದ ಗುಡ್ಡದ ಪಕ್ಕ ಇದಕ್ಕಿಂತ ಕಡಿದಾಗಿರುತ್ತದೆ.

ಆದರೆ ಸವಾರನು ಗೊಂಬೆಯಲ್ಲ. ಅವನು ತನ್ನ ಮೈಯನ್ನು ಗುಡ್ಡದ ಮೇಲ್ಗಡೆಗೆ 25 ಸೆಂಟಿಮೀಟರು ವಾಲಿಸಿದನೆಂದರೆ ಇಡಿಯ ವ್ಯವಸ್ಥೆಯ ಗುರುತ್ವ ಕೇಂದ್ರ 10 ಸೆಂಟಿಮೀಟರು ಸರಿಯುತ್ತದೆ. ಮಗುಚುವ ಕೋನ 19ರಿಂದ 26 ಡಿಗ್ರಿಗೆ ಏರುತ್ತದೆ. ತಪ್ಪು ಕಡೆಗೆ ವಾಲಿದರೆ ಅಷ್ಟೇ ಇಳಿಯುತ್ತದೆ. ಕಾರಿನಲ್ಲಿ ಪ್ರಯಾಣಿಕನು ಹೇಗೆ ಕುಳಿತರೂ ಕಾರಿಗೆ ಲಕ್ಷ್ಯವಿಲ್ಲ. ಇಲ್ಲಿ ಹಾಗಲ್ಲ, ಸವಾರನ ದೇಹವು ಗಾಲಿ, ಅಚ್ಚುಗಳಂತೆ ಯಂತ್ರದ ಒಂದು ಭಾಗವೇ ಆಗಿದೆ. ಬಂಡಿಯನ್ನು ಅಂಗಡಿಯಲ್ಲಿ ಕೊಂಡುತರಬಹುದು. ಈ ಭಾಗವನ್ನು ಮಾತ್ರ ಸವಾರನೇ ಅಭ್ಯಾಸದಿಂದ ತಯಾರಿಸಿಕೊಳ್ಳಬೇಕು. ಅನೇಕರಿಗೆ ಇದನ್ನು ಹೇಳಿಕೊಟ್ಟವರಿರಲಿಲ್ಲ. ಮೂರು ದಪ್ಪ ಗಾಲಿಗಳ ಬಂಡಿ ನೋಡುವುದಕ್ಕೆ ಮಕ್ಕಳ ತ್ರಿಚಕ್ರಿಯಂತೆ ನಿರಪಾಯವಾಗಿ ಕಾಣುತ್ತಿತ್ತು. ಮೋಟಾರು ಸೈಕಲ್ಲಿನ ಅಭ್ಯಾಸವಿದ್ದವರು ಬಂಡಿ ವಾಲಿದೊಡನೆ ಕಾಲನ್ನು ನೆಲಕ್ಕೆ ಊರುತ್ತಿದ್ದರು. ಹಿಂದಿನ ಗಾಲಿ ಆ ಕಾಲಿನ ಮೇಲೆಯೇ ಹರಿಯುತ್ತಿತ್ತು.

ಅಮೆರಿಕದಲ್ಲಿ 1986ರ ಒಂದೇ ವರ್ಷದಲ್ಲಿ ಈ ಬಂಡಿಗಳಿಂದ ಗಾಯಗೊಂಡು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದವರ ಸಂಖ್ಯೆ 80,000ವನ್ನು ಮೀರಿತೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಸತ್ತವರು ನೂರಾರು, ಅವರಲ್ಲಿ ಹದಿನಾರು ತುಂಬದ ಮಕ್ಕಳೂ ಬಹಳ. ಕೊನೆಗೆ 1988ರಲ್ಲಿ ಸರ್ಕಾರವೂ ಐದು ಪ್ರಮುಖ ಕಂಪೆನಿಗಳೂ ನ್ಯಾಯಾಲಯದ ಮುಂದೆ ಒಪ್ಪಂದಕ್ಕೆ ಬಂದು ಮೂರು ಗಾಲಿಯ ಹೊಸ ಬಂಡಿಗಳ ಮಾರಾಟವನ್ನು ನಿಲ್ಲಿಸಿದುವು. 2008ರ ಕಾನೂನು ಅವುಗಳ ಮಾರಾಟವನ್ನು ನಿಷೇಧಿಸಿತು. ಅಷ್ಟರಲ್ಲಿ ನಾಲ್ಕು ಗಾಲಿಯ ರೂಪ ಬಂದಾಗಿತ್ತು. ಸುಜುಕಿಯವರು 1982ರಲ್ಲಿ ಅದನ್ನು ಮೊದಲು ಮಾರಿದರು. 1986ರಲ್ಲಿ ಹೋಂಡಾದವರು ನಾಲ್ಕು ಗಾಲಿಗಳಿಗೂ ಎಂಜಿನಿನ ಶಕ್ತಿ ಹರಿಯುವ ಬಂಡಿಯನ್ನು ತಂದರು. ಇಂದು ಬೇಟೆಗಾರರ ಬಳಿಯಿರುವುದು ಇದರ ಸಂತತಿಯೇ.

ನಾಲ್ಕು ಗಾಲಿ ಬಂದುದರಿಂದ ಅಪಾಯ ತೀರಿತೆ? ತ್ರಿಕೋನ ಹೋಗಿ ಆಯತ ಬಂದುದು ದೊಡ್ಡ ಲಾಭವೇ ಸರಿ. ಮೂರು ನೂರು ಕಿಲೋಗ್ರಾಮಿನ ಬಂಡಿ, 75 ಕಿಲೋಗ್ರಾಮಿನ ಸವಾರ, ಕೂಡಿದ ಗುರುತ್ವ ಕೇಂದ್ರ 62 ಸೆಂಟಿಮೀಟರು ಎತ್ತರ, ಗಾಲಿಗಳು ನಡುಗೆರೆಯಿಂದ 45 ಸೆಂಟಿಮೀಟರು ದೂರ ಎಂದಿಟ್ಟುಕೊಂಡರೆ ಮಗುಚುವ ಕೋನ 36 ಡಿಗ್ರಿಯಾಗುತ್ತದೆ. ಆದರೆ ಇದು ನಿಂತ ಬಂಡಿಯ ಮಾತು. ಓಡುತ್ತಿರುವ ಬಂಡಿಯ ಪಾಠವನ್ನು ನಾವು ಪುಸ್ತಕದಿಂದ ಕಲಿತವರಾದರೂ ಅರ್ಥಮಾಡಿಕೊಂಡದ್ದು ಕೊಡಗಿನಲ್ಲಿ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಪ್ರವಾಸ ಹೋಗಿದ್ದಾಗ ಒಂದು ವಿಹಾರಧಾಮದಲ್ಲಿ ಇಂಥ ಬಂಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹುಡುಗರ ಒತ್ತಾಯಕ್ಕೆ ಕಟ್ಟುಬಿದ್ದು ನಾವೂ ಏರಿದೆವು. ಮಳೆ ಬಿದ್ದು ರಾಡಿಯಾಗಿದ್ದ ಕೆಂಪು ಮಣ್ಣಿನ ದಾರಿಯಲ್ಲಿ ಮೂರು ಸುತ್ತು ಯಾವ ತೊಂದರೆಯೂ ಇಲ್ಲದೆ ಕಳೆಯಿತು. ತಿರುವುಗಳಲ್ಲಿ ಬಂಡಿಯ ಹಿಂಭಾಗ ಸ್ವಲ್ಪ ಜಾರುತ್ತಿತ್ತು, ಅಷ್ಟೆ. ಧೈರ್ಯ ಬಂದಿತು. ಹಿಂದಿರುಗಿ ಬರುವಾಗ ಕೊಟ್ಟಿಗೆಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ಅದೇ ವೇಗದಿಂದ ತಿರುಗಿಸಿದೆವು. ಒಳಗಡೆಯ ಎರಡು ಗಾಲಿಗಳೂ ನೆಲ ಬಿಟ್ಟೆದ್ದುವು! ವಿದ್ಯಾರ್ಥಿಗಳ ಎದುರಿಗೆ ಅವರ ಉಪಾಧ್ಯಾಯನು ಹೊರಗಡೆಗೇ ವಾಲಿ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ಮಾಡಬಾರದುದನ್ನೆಲ್ಲ ಮಾಡಿದನು. ಥ್ರಾಟಲಿನಿಂದ ಹೆಬ್ಬೆರಳು ಜಾರಿ ವೇಗ ತಗ್ಗಿದುದರಿಂದ ಗಾಲಿಗಳು ಮತ್ತೆ ನೆಲಕ್ಕೆ ಬಿದ್ದುವು. ನಮ್ಮ ಜಾಣತನದಿಂದಲ್ಲ.

ಊರಿಗೆ ಬಂದ ಮೇಲೆ ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. ತಿರುವಿನ ತ್ರಿಜ್ಯ 5 ಮೀಟರು ಇರಲಿ. ತಿರುಗುವ ಬಂಡಿಯನ್ನು ಒಳಕ್ಕೆ ಎಳೆಯುವ ಬಲ ಗಾಲಿಗಳಿಗೆ ನೆಲದ ಘರ್ಷಣೆಯಿಂದಲೇ ದೊರೆಯಬೇಕು. ಆ ಬಲ ನೆಲದ ಮಟ್ಟದಲ್ಲಿ ವರ್ತಿಸುತ್ತದೆ. ಆದರೆ ಜಡತ್ವವೋ 62 ಸೆಂಟಿಮೀಟರು ಮೇಲಿರುವ ಗುರುತ್ವ ಕೇಂದ್ರದಲ್ಲಿ ಕೂತಿದೆ. ಕೆಳಗಿನಿಂದ ಎಳೆತ, ಮೇಲೆ ಹಟ; ಬಂಡಿ ಹೊರಗಡೆಗೆ ಮಗುಚಲು ನೋಡುತ್ತದೆ. ನಮ್ಮ ಅಂಕೆಗಳಂತೆ ಇದು ಗಂಟೆಗೆ 21 ಕಿಲೋಮೀಟರು ವೇಗದಲ್ಲಿ ಸಂಭವಿಸಬೇಕು. ಸೈಕಲ್ಲು ಜೋರಾಗಿ ತುಳಿದರೆ ಬರುವ ವೇಗ! ಮೆತ್ತನೆಯ ಟೈರು ಹೊರಬದಿಯಲ್ಲಿ ಅದುಮಿಕೊಳ್ಳುವುದರಿಂದ ವಾಸ್ತವದಲ್ಲಿ ಇನ್ನೂ ಮೊದಲೇ ಆಗಬಹುದು.

ಹಾಗಾದರೆ ಕೆಸರಿನಲ್ಲಿ ಏಕೆ ಮಗುಚಲಿಲ್ಲ? ಅಲ್ಲಿ ಘರ್ಷಣೆಯ ಗುಣಾಂಕ 0.35ರಷ್ಟಿದ್ದರೆ ಗಂಟೆಗೆ 15 ಕಿಲೋಮೀಟರಿನಲ್ಲಿಯೇ ಬಂಡಿ ಜಾರಿಬಿಡುತ್ತದೆ. ಮಗುಚುವಷ್ಟು ಬಲವನ್ನು ಕೊಡಲು ಕೆಸರಿಗೆ ಸಾಮರ್ಥ್ಯವಿಲ್ಲ. ಅದರ ದೌರ್ಬಲ್ಯವೇ ಸವಾರನಿಗೆ ರಕ್ಷೆ. ಒಣಗಿದ ಸಿಮೆಂಟಿನ ಅಥವಾ ಡಾಂಬರಿನ ಮೇಲೆ ಗುಣಾಂಕ 0.8ಕ್ಕೆ ಹೋಗುತ್ತದೆ. ಅಲ್ಲಿ ಗಾಲಿ ಜಾರುವುದಕ್ಕೆ ಮುಂಚೆಯೇ ಬಂಡಿ ಮಗುಚುತ್ತದೆ. ಎಲ್ಲ ನೆಲಕ್ಕೂ ಸಲ್ಲುವ ಬಂಡಿಗೆ ಸಲ್ಲದ ನೆಲವೊಂದಿದೆ. ಅದು ಒಳ್ಳೆಯ ರಸ್ತೆ! ಡಾಂಬರಿನ ಮೇಲೆ ಓಡಿಸಬಾರದೆಂದು ಬಂಡಿಗೆ ಅಂಟಿಸಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕಾಡಿನಿಂದ ಕ್ಷೇಮವಾಗಿ ಹೊರಬಂದ ಬೇಟೆಗಾರನು ಮನೆಯ ಹತ್ತಿರದ ರಸ್ತೆಯಲ್ಲಿ ಬೀಳುವುದು ಹೀಗೆ.

ತಿರುವಿನಲ್ಲಿ ಏನು ಮಾಡಬೇಕೆಂಬುದೂ ಮೊದಲಿಗೆ ವಿಚಿತ್ರವಾಗಿ ತೋರುತ್ತದೆ. ಮೈಯನ್ನು ತಿರುವಿನ ಒಳಕ್ಕೆ ವಾಲಿಸಬೇಕು. ಆದರೆ ಭಾರವನ್ನು ಹೊರಗಿನ ಕಾಲುಮೆಟ್ಟಿನ ಮೇಲೆ ಊರಬೇಕು. ಮೈ ಒಳಕ್ಕೆ ವಾಲಿದರೆ ಗುರುತ್ವ ಕೇಂದ್ರ ಒಳಕ್ಕೆ ಸರಿಯುತ್ತದೆ, ಇದು ಸ್ಪಷ್ಟ. ಎರಡನೆಯದು ಅಖಂಡ ಅಚ್ಚಿನ ಋಣ. ಗಾಲಿಗಳ ನಡುವೆ 90 ಸೆಂಟಿಮೀಟರು ಅಂತರವಿದ್ದರೆ ಒಂದು ಪೂರ್ಣ ಸುತ್ತಿಗೆ ಹೊರಗಿನ ಗಾಲಿ ಒಳಗಿನದಕ್ಕಿಂತ ಐದೂವರೆ ಮೀಟರಿಗೂ ಹೆಚ್ಚು ದೂರ ಹೋಗಬೇಕು. ಎರಡೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಒಂದು ಗಾಲಿ ಜಾರಲೇಬೇಕು. ಜಾರದಿದ್ದರೆ ಬಂಡಿ ತಿರುಗದೆ ನೇರವಾಗಿ ಹಳ್ಳಕ್ಕೋ ಮರಕ್ಕೋ ಹೋಗುತ್ತದೆ. ಹೊರಗಿನ ಮೆಟ್ಟನ್ನು ಒತ್ತಿದಾಗ ಒಳಗಿನ ಗಾಲಿಯ ಭಾರ ಕಡಮೆಯಾಗಿ ಅದು ಸುಲಭವಾಗಿ ಜಾರುತ್ತದೆ. ಇದನ್ನು ಬೆಳಿಗ್ಗೆ ಓದಿ ಮಧ್ಯಾಹ್ನ ಮಾಡುವುದಾಗದು; ಸೈಕಲ್ಲನ್ನು ಕಲಿತಂತೆ ಬಯಲಿನಲ್ಲಿ ನಿಧಾನವಾಗಿ ಸುತ್ತಿ ಕಲಿಯಬೇಕು.

ಮಕ್ಕಳ ಮಾತು ಬಂದುದರಿಂದ ಒಂದು ಅಂಕೆಯನ್ನು ಹೇಳಬೇಕು. ಮೂವತ್ತು ಕಿಲೋಗ್ರಾಮಿನ ಹುಡುಗನು ಮೂರು ನೂರು ಕಿಲೋಗ್ರಾಮಿನ ಬಂಡಿಯ ಮೇಲೆ ಕುಳಿತು 20 ಸೆಂಟಿಮೀಟರು ವಾಲಿದರೆ ಗುರುತ್ವ ಕೇಂದ್ರ ಸರಿಯುವುದು 2 ಸೆಂಟಿಮೀಟರಿಗಿಂತ ಕಡಿಮೆ. ಎಂದರೆ ಯಂತ್ರಕ್ಕೆ ಬೇಕಾದ ಆ ಜೀವಂತ ಭಾಗ ಇಲ್ಲವೆಂದೇ ಲೆಕ್ಕ. ಮೇಲಾಗಿ, ಬಂಡಿ ಮಗುಚಿದಾಗ ಅವನ ಹತ್ತರಷ್ಟು ಭಾರ ಅವನ ಮೇಲೆ ಬೀಳುತ್ತದೆ, ತಳ್ಳಿ ಏಳಲಾರನು. ಹದಿನಾರು ವರ್ಷ ತುಂಬದವರು ಇದನ್ನು ಓಡಿಸಲೇಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತ ಬಂದಿದೆ. ಆದರೂ ಹಳ್ಳಿಗಾಡಿನ ಮನೆಗಳಲ್ಲಿ ಓಡಿಸುತ್ತಿದ್ದಾರೆ, ಸಾವುಗಳೂ ನಿಂತಿಲ್ಲ.

ಈಗ ಬೇಟೆಗಾರನು ಮಾಂಸದ ಹೊರೆಯನ್ನು ಹಿಂದಿನ ಚೌಕಟ್ಟಿನ ಮೇಲೆ ಹೇರಿ ದಿಣ್ಣೆ ಏರುತ್ತಿರುವುದನ್ನು ಊಹಿಸಿಕೊಳ್ಳಿ. ಬರಿಯ ಬಂಡಿ ಹಿಂದಕ್ಕೆ ಪಲ್ಟಿಯಾಗಲು 41 ಡಿಗ್ರಿಯ ಏರು ಬೇಕಾಗಿದ್ದರೆ, ಹಿಂದಿನ ಅಚ್ಚಿಗಿಂತ ಸ್ವಲ್ಪ ಹಿಂದೆ, 95 ಸೆಂಟಿಮೀಟರು ಎತ್ತರದಲ್ಲಿ 80 ಕಿಲೋಗ್ರಾಂ ಮಾಂಸ ಕಟ್ಟಿದೊಡನೆ ಅದು 32 ಡಿಗ್ರಿಗೆ ಇಳಿಯುತ್ತದೆ. ಅರ್ಧ ಏರಿನಲ್ಲಿ ಎಂಜಿನು ಸೋಲುವಂತೆ ತೋರಿ ಸವಾರನು ಥ್ರಾಟಲನ್ನು ಅದುಮಿದನೆನ್ನಿ. ಬಂಡಿಗೆ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನ ವೇಗೋತ್ಕರ್ಷ ಬಂದರೆ ಆ 32 ಡಿಗ್ರಿ 22 ಆಗಿಬಿಡುತ್ತದೆ! ಒಂದು ಹೆಬ್ಬೆರಳಿನ ಒತ್ತಿಗೆ ಹತ್ತು ಡಿಗ್ರಿ. ಮುಂದಿನ ಗಾಲಿಗಳು ಮೇಲೆದ್ದು, ಬಂಡಿ, ಮಾಂಸ, ಬಂದೂಕು ಎಲ್ಲವೂ ಹಿಂದಕ್ಕೆ ಸವಾರನ ಮೇಲೆ ಬರುತ್ತವೆ. ತಿಳಿದವರು ಹೊರೆಯನ್ನು ಹಿಂದಕ್ಕೂ ಮುಂದಕ್ಕೂ ಹಂಚಿ, ಸಾಧ್ಯವಾದಷ್ಟು ತಗ್ಗಿನಲ್ಲಿ ಬಿಗಿದು, ಎರಡು ಸಲ ಹೋಗಿಬರುತ್ತಾರೆ. ಏರನ್ನು ಹತ್ತುವ ಮುಂಚೆಯೇ ವೇಗವನ್ನು ಗಳಿಸಿಕೊಂಡು, ಏರಿನಲ್ಲಿ ಸೀಟು ಬಿಟ್ಟೆದ್ದು ಮೈಯನ್ನು ಮುಂದಕ್ಕೆ ಬಾಗಿಸುತ್ತಾರೆ. ಗುಂಡು ತುಂಬಿದ ಬಂದೂಕನ್ನು ಬಂಡಿಯಲ್ಲಿ ಒಯ್ಯುವುದನ್ನು ಹಲವು ರಾಜ್ಯಗಳು ನಿಷೇಧಿಸಿವೆ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲಕ್ಕಾಗುವ ಹಾನಿಯ ವಿಷಯವೂ ಒಂದಿದೆ. ಈ ಬಂಡಿ ಮನುಷ್ಯನ ಹೆಜ್ಜೆಯಷ್ಟೇ ಮೆತ್ತಗೆ ತುಳಿಯುತ್ತದೆಂದು ಮೇಲೆ ಹೇಳಿದೆವಷ್ಟೆ. ಹಾಗಾದರೆ ಅಲಾಸ್ಕದ ರ‍್ಯಾಂಗೆಲ್–ಸೇಂಟ್ ಇಲಾಯಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಬಂಡಿಗಳ ದಾರಿಗಳೆಲ್ಲ ಆಳವಾದ ಕೆಸರಿನ ಕಾಲುವೆಗಳಾದುದು ಹೇಗೆ? ಲಂಬವಾದ ಒತ್ತಡ ಕಡಿಮೆಯಾದರೂ, ಟೈರಿನ ಹಲ್ಲುಗಳು ನೆಲವನ್ನು ಹಿಂದಕ್ಕೆ ತಳ್ಳುವ ಸಮಾಂತರ ಬಲ ಕಡಿಮೆಯೇನಲ್ಲ. ಗಾಲಿ ಜಾರಿ ತಿರುಗಿದಾಗಲೆಲ್ಲ ಮೇಲಿನ ಪಾಚಿಯ ಹೊದಿಕೆ ಹರಿಯುತ್ತದೆ. ಆ ಹೊದಿಕೆ ಅಲ್ಲಿ ಕಂಬಳಿಯಿದ್ದಂತೆ; ಅದರ ಕೆಳಗೆ ಎಷ್ಟೋ ಕಡೆಗಳಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ ನೆಲವಿದೆ. ಕಂಬಳಿ ಹರಿದೊಡನೆ ಕಪ್ಪಾದ ಮಣ್ಣು ಬಿಸಿಲನ್ನು ಹೀರಿ, ಒಳಗಿನ ಮಂಜುಗಡ್ಡೆ ಕರಗಿ, ನೆಲ ಕುಸಿದು ನೀರು ನಿಲ್ಲುತ್ತದೆ. ಮುಂದೆ ಬಂದವನು ಆ ಗುಂಡಿಯನ್ನು ತಪ್ಪಿಸಿ ಪಕ್ಕದ ಹಸಿರಿನ ಮೇಲೆ ಹೋಗುತ್ತಾನೆ, ಅದೂ ಹರಿಯುತ್ತದೆ. ಕೆಲವೇ ವರ್ಷಗಳಲ್ಲಿ ಒಂದು ದಾರಿ ಜಡೆಯ ಎಳೆಗಳಂತೆ ಹತ್ತಾಗಿ ಹರಡುತ್ತದೆ. ರಂಧ್ರಗಳುಳ್ಳ ಪ್ಲಾಸ್ಟಿಕ್ ಹಲಗೆಗಳನ್ನು ಹಾಸಿ ದಾರಿಯನ್ನು ಗಟ್ಟಿಮಾಡುವ ಪ್ರಯೋಗಗಳನ್ನು ಅಲ್ಲಿ ನಡೆಸಿದ್ದಾರೆ. ಸಾರ್ವಜನಿಕ ಭೂಮಿಯಲ್ಲಿ ಇಂಥ ಬಂಡಿಗಳು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂಬುದನ್ನು ಗೊತ್ತುಮಾಡಬೇಕೆಂದು ಅಧ್ಯಕ್ಷ ನಿಕ್ಸನ್ 1972ರಲ್ಲಿಯೇ ಆಜ್ಞೆ ಹೊರಡಿಸಿದ್ದರು.

ಬೇಟೆಗಾರನಿಗೆ ಬಂಡಿಯಿಂದ ನಿಜವಾಗಿ ಎಷ್ಟು ಲಾಭವೆಂಬುದನ್ನೂ ಅಳೆದು ನೋಡಿದವರಿದ್ದಾರೆ. ಓರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎತ್ತರವಾದ ಬೇಲಿಯೊಳಗೆ ಎಲ್ಕ್ ಎಂಬ ಪ್ರಾಣಿಗಳಿವೆ. ನಮ್ಮ ಕಡವೆಯ ದಾಯಾದಿಗಳು. ಅವುಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಒಮ್ಮೆ ನಡೆದುಹೋಗುವವರನ್ನೂ, ಒಮ್ಮೆ ಕುದುರೆ ಸವಾರರನ್ನೂ, ಒಮ್ಮೆ ಸೈಕಲ್ ಸವಾರರನ್ನೂ, ಒಮ್ಮೆ ಈ ಬಂಡಿಗಳನ್ನೂ ಕಾಡಿನಲ್ಲಿ ಬಿಟ್ಟು, 2000ದ ದಶಕದ ಮೊದಲ ವರ್ಷಗಳಲ್ಲಿ ಪ್ರಯೋಗ ಮಾಡಿದರು. ಎಲ್ಕುಗಳು ಅತಿ ಹೆಚ್ಚು ಅಲೆದಾಡಿದ್ದು ಬಂಡಿಗಳು ಬಂದಾಗ. ಇಂದು ಅನುಭವಸ್ಥನಾದ ಬೇಟೆಗಾರನು ಬಂಡಿಯನ್ನು ದಾರಿಯ ಕೊನೆಯಲ್ಲಿಯೇ ನಿಲ್ಲಿಸಿ, ಎಂಜಿನನ್ನು ಆರಿಸಿ, ಉಳಿದ ಎರಡು ಮೂರು ಮೈಲಿಗಳನ್ನು ಸದ್ದಿಲ್ಲದೆ ನಡೆದೇ ಹೋಗುತ್ತಾನೆ. ಬೇಟೆ ಬಿದ್ದ ಮೇಲೆ ಹೊರೆ ಹೊರುವುದಕ್ಕಷ್ಟೇ ಬಂಡಿಯನ್ನು ಕರೆತರುತ್ತಾನೆ.